ಕುದುರೆ ಚರ್ಮದ ಅಂಗಿ, ಕೊಡಗಿನ ಮಳೆ

ಶನಿವಾರ, ಭಾನುವಾರ ಬಂತೆಂದರೆ ಕುಶಾಲನಗರದಿಂದ ಮಡಿಕೇರಿಗೆ ಏರುವ ರಸ್ತೆಯಲ್ಲಿ ದೊಡ್ಡ ಬೈಕುಗಳ ಸಾಲು ಕಾಣುತ್ತದೆ. ಸವಾರರಲ್ಲಿ ಹಲವರ ಮೈಮೇಲೆ ಕಪ್ಪು ಇಲ್ಲವೇ ಕಂದು ಬಣ್ಣದ ಚರ್ಮದ ಜಾಕೆಟ್ ಇರುತ್ತದೆ. ಅದನ್ನು ನೋಡುತ್ತ ಬೆಳೆದ ಇಲ್ಲಿನ ಹುಡುಗರು ಈಗ ಚರ್ಮದ ಜಾತಿಗಳ ಬಗ್ಗೆ ಪಂಡಿತರಂತೆ ಮಾತಾಡಬಲ್ಲರು. ಕುರಿಯದು ಮೆತ್ತಗೆ, ಆದರೆ ಬೇಗ ಹರಿಯುತ್ತದೆ. ಎಮ್ಮೆಯದು ಗಟ್ಟಿ, ಆದರೆ ಹೊರಲಾರದಷ್ಟು ಭಾರ. ಮೇಕೆಯದು ಎರಡಕ್ಕೂ ನಡುವಿನದು. ಎಲ್ಲಕ್ಕಿಂತ ಮೇಲಿನದು ಕುದುರೆ ಚರ್ಮ, ಕೊಂಡರೆ ಅದನ್ನೇ ಕೊಳ್ಳಬೇಕು ಎನ್ನುತ್ತಾರೆ. ಆದರೆ ಅದು ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವ ವಸ್ತುವಲ್ಲ. ಹೊರದೇಶದಿಂದ ತರಿಸಿದರೆ ಬೆಲೆ ಕೇಳಿ ಬೆವರಬೇಕು.

ಜಾಕೆಟ್ ಕೊಳ್ಳುವವರಿಗೆ ಸಲಹೆ ಕೊಡುವುದು ಕಥೆ ಬರೆಯುವ ನಮ್ಮಂಥವರ ಕೆಲಸವಲ್ಲ. ಆದರೆ ಕುದುರೆ ಚರ್ಮ ಯಾಕೆ ನಮ್ಮಲ್ಲಿಲ್ಲ ಎಂಬ ಪ್ರಶ್ನೆ ಚರಿತ್ರೆಯ ಪ್ರಶ್ನೆ. ಅದರ ಹಿಂದೆ ಹೋದರೆ ಪ್ರಾಣಿಯಿಂದ ಶುರುವಾದ ಮಾತು ಮನುಷ್ಯನ ಹತ್ತಿರ ಬಂದು ನಿಲ್ಲುತ್ತದೆ.

ಮೊದಲು ಚರ್ಮದ ಗುಣ ನೋಡೋಣ. ಕುದುರೆ ಚರ್ಮದ ನಾರುಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಆದ್ದರಿಂದ ತೆಳುವಾಗಿ ಸೀಳಿದರೂ ಅದು ಗಾಳಿ ತಡೆಯುತ್ತದೆ, ಉಜ್ಜಿದರೆ ಬೇಗ ಸವೆಯುವುದಿಲ್ಲ. ಹೊಸತರಲ್ಲಿ ಹಲಗೆಯಂತೆ ಬಿಗಿಯಾಗಿದ್ದು, ತೊಟ್ಟವರ ಮೊಣಕೈ ಭುಜಗಳಿಗೆ ತಕ್ಕಂತೆ ವರ್ಷಗಳ ಮೇಲೆ ಮಡಿಕೆ ಬೀಳುತ್ತ ಹದಕ್ಕೆ ಬರುತ್ತದೆ. ಜಾಕೆಟ್‌ಗೆ ಬಳಸುವುದು ಹೆಚ್ಚಾಗಿ ಪ್ರಾಣಿಯ ಮುಂಭಾಗದ ಚರ್ಮ. ಹಿಂಭಾಗದ ಪೃಷ್ಠದ ಚರ್ಮದ ಒಳಗೆ ಚಿಪ್ಪಿನಂಥ ಗಟ್ಟಿ ಪದರವೊಂದಿದ್ದು, ಅದು ಬೂಟುಗಳಿಗೆ ಹೋಗುತ್ತದೆ. ಷಿಕಾಗೋದ ಹಾರ್ವೀನ್ ಎಂಬ ಹಳೆಯ ಕಾರ್ಖಾನೆಯಲ್ಲಿ ಈ ಪದರವನ್ನು ಹದ ಮಾಡಲು ಆರು ತಿಂಗಳಾದರೂ ಹಿಡಿಯುತ್ತದೆ.

ಇಷ್ಟು ಗುಣಗಳಿದ್ದರೂ ಅಮೆರಿಕದಲ್ಲಿ ಕುದುರೆ ಚರ್ಮ ಒಂದು ಕಾಲಕ್ಕೆ ಅಗ್ಗದ ಮಾಲು ಆಗಿತ್ತು ಎಂದರೆ ಈಗಿನವರು ನಂಬಲಾರರು. 1915ರ ಆಸುಪಾಸಿನಲ್ಲಿ ಅಲ್ಲಿ ಕುದುರೆ ಮತ್ತು ಹೇಸರಗತ್ತೆಗಳ ಸಂಖ್ಯೆ 2.5 ಕೋಟಿಗೂ ಮೇಲಿತ್ತು. ಹೊಲ ಉತ್ತದ್ದು, ಹಾಲಿನ ಗಾಡಿ ಎಳೆದದ್ದು, ಫಿರಂಗಿ ಎಳೆದದ್ದು ಅವೇ. ನಮ್ಮಲ್ಲಿ ಎತ್ತು ಮಾಡಿದ ಕೆಲಸವನ್ನು ಅಲ್ಲಿ ಕುದುರೆ ಮಾಡಿತು. ದುಡಿದ ಪ್ರಾಣಿ ಒಂದಲ್ಲ ಒಂದು ದಿನ ಸಾಯುತ್ತದೆ, ಚರ್ಮ ಉಳಿಯುತ್ತದೆ. 1928ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಶಾಟ್ ಎಂಬವರು ಬೈಕ್ ಸವಾರರಿಗಾಗಿ ಜಿಪ್ ಹಾಕಿದ ಜಾಕೆಟ್ ಹೊಲಿದಾಗ ಬಳಸಿದ್ದು ಇದೇ ಚರ್ಮವನ್ನು. 1931ರಲ್ಲಿ ಅಮೆರಿಕದ ಸೈನ್ಯ ತನ್ನ ವೈಮಾನಿಕರಿಗೆ ಏ-2 ಎಂಬ ಜಾಕೆಟ್ ಗೊತ್ತುಮಾಡಿತು. ಅದರಲ್ಲಿ ಹೆಚ್ಚಿನವು ಕುದುರೆ ಚರ್ಮದವು, ಕೆಲವು ಮೇಕೆ ಚರ್ಮದವು. ಟ್ರ್ಯಾಕ್ಟರು ಲಾರಿಗಳು ಬಂದ ಮೇಲೆ ಕುದುರೆಯ ಕೆಲಸ ಹೋಯಿತು. 1960ರ ಹೊತ್ತಿಗೆ ಅಲ್ಲಿ ಉಳಿದವು 30 ಲಕ್ಷದಷ್ಟು ಮಾತ್ರ. ಇಂದು ಮಾರುಕಟ್ಟೆಗೆ ಬರುವ ಕುದುರೆ ಚರ್ಮದ ಬಹುಪಾಲು, ಕುದುರೆ ಮಾಂಸ ತಿನ್ನುವ ಯುರೋಪಿನ ದೇಶಗಳಿಂದ ಬರುವಂಥದ್ದು. ಜಪಾನಿನ ಕುಶಲಿಗಳು ಅದನ್ನು ತರಿಸಿಕೊಂಡು ಹದ ಮಾಡುತ್ತಾರೆ. ಕೂಲಿಯ ಪ್ರಾಣಿಯ ಚರ್ಮ ಹೀಗೆ ಸಿರಿವಂತರ ಮೈ ಸೇರಿತು.

ಈ ಜಾಕೆಟ್ ಕನ್ನಡನಾಡಿಗೆ ಬಾರದೆ ಇರಲಿಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, 1943ರಲ್ಲಿ ಅಮೆರಿಕದ ವಾಯುಸೇನೆಯ ವಿಮಾನ ದುರಸ್ತಿ ಕೇಂದ್ರವಾಯಿತು. ಬರ್ಮಾ, ಚೀನಾ ಕಡೆ ಹಾರುತ್ತಿದ್ದ ಅಮೆರಿಕದವರು ಆ ಕಾಲದಲ್ಲಿ ಭಾರತದ ತುಂಬ ಇದ್ದರು. ಅವರ ಜಾಕೆಟ್‌ಗಳ ಮೇಲೆ ಬಣ್ಣಬಣ್ಣದ ಚರ್ಮದ ತುಂಡು ಜೋಡಿಸಿ ಹೊಲಿದ ಬಿಲ್ಲೆಗಳಿರುತ್ತಿದ್ದವು. ಅವುಗಳಲ್ಲಿ ಎಷ್ಟೋ ನಮ್ಮ ದೇಶದ ಚರ್ಮದ ಕೆಲಸಗಾರರು ಕೈಯಲ್ಲಿ ಮಾಡಿಕೊಟ್ಟವು. ಇಂದು ಹಳೆಯ ವಸ್ತು ಸಂಗ್ರಹಿಸುವವರು ಅಂಥ ಜಾಕೆಟ್‌ಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ತೊಟ್ಟ ಪೈಲಟ್ ಯಾರು, ಯಾವ ದಳದವನು ಎಂದು ಪತ್ತೆ ಹಚ್ಚುತ್ತಾರೆ. ಬಿಲ್ಲೆ ಹೊಲಿದವನ ಹೆಸರು ಯಾವ ಪೆಟ್ಟಿಗೆಯ ಮೇಲೂ ಇಲ್ಲ.

ವೈಮಾನಿಕನ ಅಂಗಿಗೆ ಕೊಡಗಿನಲ್ಲಿ ಬೇರೆಯೇ ಮರ್ಯಾದೆ ಇದೆ. ಇದು ಸೈನಿಕರ ನಾಡು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷಗಳ ಮೇಲೆ. ಜೆಟ್ ವಿಮಾನದ ಮುಚ್ಚಿದ ಗೂಡಿನಲ್ಲಿ ಚಳಿಗೆ ಚರ್ಮದ ಜಾಕೆಟ್ ಬೇಕಾಗಿರಲಿಲ್ಲ. ಆದರೂ ಹುಡುಗರ ಕಣ್ಣಲ್ಲಿ ಆ ಅಂಗಿ ಧೈರ್ಯದ ಗುರುತಾಗಿಯೇ ಉಳಿದಿದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಕುದುರೆ ಕಂಡಿರದ ನಾಡು ನಮ್ಮದಲ್ಲ. ಹೊರ್ಮುಜ್ ಮತ್ತು ಅರಬ್ ತೀರಗಳಿಂದ ಹಡಗು ಹತ್ತಿ ಭಟ್ಕಳ, ಹೊನ್ನಾವರಗಳಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ವಿಜಯನಗರ ಸೇರುತ್ತಿದ್ದವು. 16ನೇ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಒಂದು ಸ್ವಾರಸ್ಯದ ಸಂಗತಿ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹನಿಗೆ ಕುದುರೆ ಎಷ್ಟು ಬೇಕಾಗಿತ್ತೆಂದರೆ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಬಾಲಕ್ಕೆ ಬೆಲೆ ಬಂತು, ಚರ್ಮದ ಮಾತು ಅಲ್ಲಿ ಬರುವುದಿಲ್ಲ. ಹೈದರ್, ಟಿಪ್ಪು ಕಾಲದಿಂದ ಬಂದ ಕುಣಿಗಲ್ಲಿನ ಕುದುರೆ ಫಾರಂ ಕೂಡ ದಂಡಿಗಾಗಿ ಹುಟ್ಟಿದ್ದು. ಅಂದರೆ ನಮ್ಮಲ್ಲಿ ಕುದುರೆ ಅರಸನದು, ಸವಾರನದು, ಮದುವೆಯ ಮೆರವಣಿಗೆಯದು. ನೇಗಿಲಿಗೆ ಅದನ್ನು ಕಟ್ಟಿದವರಿಲ್ಲ. ರೈತನ ಕೊಟ್ಟಿಗೆಯಲ್ಲಿ ಸಾಯುವ ಪ್ರಾಣಿ ಅದಾಗಿರಲಿಲ್ಲ.

ಕೊಡಗಿನಲ್ಲಂತೂ ಕುದುರೆಗೆ ನೆಲವೇ ಒಗ್ಗಲಿಲ್ಲ. ಬಯಲಿನಲ್ಲಿ ಬ್ರಿಟಿಷರನ್ನೇ ಕಂಗೆಡಿಸಿದ ಮೈಸೂರಿನ ಕುದುರೆ ದಂಡು ಈ ಕಾಡು ಕಣಿವೆಗಳಲ್ಲಿ ತನ್ನ ಬಲ ತೋರಲು ಆಗಲಿಲ್ಲ. ಕಡಂಗಗಳೆಂಬ ಆಳವಾದ ಕಂದಕಗಳು ಒಂದು ಕಡೆ, ಕೆಸರು ಮತ್ತು ಜಿಗಣೆ ಇನ್ನೊಂದು ಕಡೆ. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ರಸ್ತೆ ಮಾಡಿಸುವ ತನಕ ಇಲ್ಲಿ ಸರಕು ಸಾಗಿದ್ದು ಹೇರೆತ್ತುಗಳ ಬೆನ್ನಮೇಲೆ. ಕೊಡಗಿನ ಅಕ್ಕಿ ಮಲಬಾರಿಗೆ ಇಳಿಯಿತು, ಮಲಬಾರಿನ ಉಪ್ಪು, ಒಣಮೀನು ಮೇಲೆ ಬಂತು. ಮಾಪಿಳ್ಳೆ ವ್ಯಾಪಾರಿಗಳು ಕೊಡಗಿಗೆ ಪರಿಚಯವಾದದ್ದೂ ಈ ವ್ಯಾಪಾರದ ದಾರಿಗಳಲ್ಲೇ. 1850ರ ದಶಕದಲ್ಲಿ ಕಾಫಿ ತೋಟ ಮಾಡಿದ ದೊರೆಗಳು ಕುದುರೆ ಏರಿ ತೋಟ ಸುತ್ತಿದರು. ಆದರೆ ಕುದುರೆಯ ಜೀನು, ಲಗಾಮುಗಳು ದನ ಎಮ್ಮೆಗಳ ಚರ್ಮದವು. ಕುದುರೆ ದನದ ಚರ್ಮ ತೊಟ್ಟಿತು, ಕುದುರೆಯ ಚರ್ಮ ತೊಟ್ಟವರು ಇಲ್ಲಿ ಇರಲಿಲ್ಲ. ದಕ್ಷಿಣ ಕೊಡಗಿನ ಕುಂದದ ಬೋಡ್‌ನಮ್ಮೆಯಲ್ಲಿ ಇಂದಿಗೂ ಕಾಣುವುದು ಭಕ್ತರು ಕಟ್ಟಿ ತರುವ ಕೃತಕ ಕುದುರೆ.

ಮಳೆಯ ನಾಡು ಚರ್ಮವನ್ನು ಅಂಗಿಯಾಗಿ ನಂಬಲಿಲ್ಲ. ಗದ್ದೆಗೆ ಇಳಿಯುವವರ ತಲೆ ಬೆನ್ನಿಗೆ ಬಿದಿರು, ಎಲೆಗಳ ಗೊರಬೆ, ಇಲ್ಲವೇ ಕಂಬಳಿ. ಕೊಡವರ ಘನತೆಯ ಉಡುಪಾದ ಕುಪ್ಯ ಬಟ್ಟೆಯದು. ಕಪ್ಪು ಕುಪ್ಯದ ಮೇಲೆ ಕೆಂಪು ಚೇಲೆ, ಅದರಲ್ಲಿ ಪೀಚೆಕತ್ತಿ. ಬಿಳಿ ಕುಪ್ಯ ಮದುಮಗನಿಗೆ ಮತ್ತು ಸತ್ತವನಿಗೆ. ಒದ್ದೆ ಗಾಳಿಯಲ್ಲಿ ಚರ್ಮಕ್ಕೆ ಮೂರು ದಿನದಲ್ಲಿ ಬೂಷ್ಟು ಹಿಡಿಯುತ್ತದೆಂದು ಇಲ್ಲಿನ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಗಾದರೆ ಕುದುರೆ ಚರ್ಮ ನಮ್ಮ ದೇಶಕ್ಕೆ ಪೂರಾ ಹೊರಗಿನದೇ? ಉರ್ದು ನಿಘಂಟು ಬೇರೆ ಮಾತು ಹೇಳುತ್ತದೆ. ಅಲ್ಲಿ ಕೀಮುಖ್ತ್ ಎಂಬ ಫಾರಸಿ ಮೂಲದ ಪದವಿದೆ. ಕುದುರೆ ಅಥವಾ ಕತ್ತೆಯ ಚರ್ಮದಿಂದ ಮಾಡಿದ, ಮೈತುಂಬ ಹರಳು ಹರಳಾಗಿರುವ ಚರ್ಮ ಎಂದು ಅದರ ಅರ್ಥ. ಹಸಿ ಚರ್ಮದ ಮೇಲೆ ಗಟ್ಟಿ ಬೀಜಗಳನ್ನು ಹರಡಿ ಒತ್ತುವುದು, ಒಣಗಿದ ಮೇಲೆ ಉದುರಿಸಿ ಮೇಲ್ಮೈ ಹೆರೆಯುವುದು, ಮತ್ತೆ ನೀರಿನಲ್ಲಿ ನೆನೆಸುವುದು. ಬೀಜ ಒತ್ತಿದ ಜಾಗವೆಲ್ಲ ಉಬ್ಬಿ ಹರಳಿನಂತೆ ಏಳುತ್ತದೆ. ಅದರಿಂದ ಕತ್ತಿಯ ಒರೆ, ಜೋಡು ಮಾಡುತ್ತಿದ್ದರು. ತುರ್ಕಿ ಭಾಷೆಯಲ್ಲಿ ಇದಕ್ಕೆ ಸಗ್ರಿ, ಅಂದರೆ ಕುದುರೆಯ ಪೃಷ್ಠ, ಎಂಬ ಹೆಸರು. ಅದೇ ಫ್ರೆಂಚರ ಬಾಯಲ್ಲಿ ಶಾಗ್ರಿನ್ ಆಯಿತು. ಬೂಟಿಗೆ ಬಳಸುವ ಕುದುರೆ ಚರ್ಮಕ್ಕೆ ಕಾರ್ಡೋವನ್ ಎಂದು ಹೆಸರು ಬಂದದ್ದು ಮುಸ್ಲಿಮರ ಆಡಳಿತದ ಸ್ಪೇನಿನ ಕುರ್ತುಬಾ ನಗರದಿಂದ. ಅಲ್ಲಿನ ಪ್ರಸಿದ್ಧ ಚರ್ಮ ಹೆಚ್ಚಾಗಿ ಮೇಕೆಯದು, ಹೆಸರು ಮಾತ್ರ ಆಮೇಲೆ ಕುದುರೆಗೆ ಅಂಟಿಕೊಂಡಿತು. ಇಂಗ್ಲಿಷರು ಬೂಟು ಹೊಲಿಯುವವನನ್ನು ಕಾರ್ಡ್‌ವೇನರ್ ಎಂದು ಗೌರವದಿಂದ ಕರೆದರು. ಲಂಡನ್ನಿನಲ್ಲಿ ಆ ಹೆಸರಿನ ಸಂಘ ಇಂದಿಗೂ ಇದೆ.

ಅಲ್ಲಿ ಗೌರವದ ಹೆಸರಾದದ್ದು ನಮ್ಮಲ್ಲಿ ಬೈಗುಳವಾಯಿತು. ಈ ಚರಿತ್ರೆಯ ಮುಳ್ಳು ಇರುವುದೇ ಇಲ್ಲಿ. ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ಚರ್ಮ ಹದ ಮಾಡುವುದಕ್ಕೆ ದಬಾಗತ್ ಎನ್ನುತ್ತಾರೆ. ಸತ್ತ ಪ್ರಾಣಿಯ ಚರ್ಮವೂ ಹದ ಮಾಡಿದರೆ ಶುದ್ಧವಾಗುತ್ತದೆ ಎಂಬುದು ಹಂದಿಯಂಥ ಕೆಲವನ್ನು ಬಿಟ್ಟು ಬಹುಪಾಲು ಪಂಡಿತರ ಮತ. ಅಂಥ ಚರ್ಮದ ಮೇಲೆ ನಮಾಜು ಮಾಡಬಹುದು. ಅದು ದೊಡ್ಡ ಮಾತು. ಕೈಕೆಲಸವೇ ಅಶುದ್ಧವನ್ನು ಶುದ್ಧ ಮಾಡುತ್ತದೆ ಎಂದಾಯಿತು. ಆದರೆ ಅದೇ ಶಾಸ್ತ್ರದ ಗ್ರಂಥಗಳಲ್ಲಿ ಮದುವೆಯ ಸರಿಸಮಾನತೆ, ಅಂದರೆ ಕಫಾಅತ್, ಚರ್ಚಿಸಿದ ಕೆಲವು ಪಂಡಿತರು ಚರ್ಮ ಹದ ಮಾಡುವವನನ್ನು ನೇಕಾರನ ಜೊತೆ ಕೆಳಗಿನ ಸಾಲಿನಲ್ಲಿ ಕೂರಿಸಿದರು. ನಮ್ಮ ಬಿರಾದರಿಗಳೂ ಅದನ್ನೇ ಹಿಡಿದುಕೊಂಡವು. ಚರ್ಮ ಶುದ್ಧವಾಯಿತು, ಶುದ್ಧ ಮಾಡಿದವನ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡಿದರು.

ಕನ್ನಡನಾಡಿನ ಕಥೆ ಇದಕ್ಕಿಂತ ಕಠೋರವಾದದ್ದು. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಜೋಡು ಮಾಡಿಕೊಟ್ಟರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆಯಾದಾಗ ತಂದೆಯರಿಬ್ಬರಿಗೂ ಸಿಕ್ಕಿದ್ದು ಮರಣದಂಡನೆ. ಚರ್ಮ ಕೊಡಬಹುದು, ಸಂಬಂಧ ಬೆಳೆಸಬಾರದು ಎಂದು ಆಳುವವರು ತೀರ್ಪು ಕೊಟ್ಟಂತಾಯಿತು.

ಆಮೇಲಿನ ಶತಮಾನಗಳಲ್ಲೂ ಕೆಲಸ ನಿಲ್ಲಲಿಲ್ಲ. ತಂಗಡಿಯ ತೊಗಟೆ, ಅಳಲೆಕಾಯಿ, ಸುಣ್ಣದ ಗುಂಡಿಗಳ ನಡುವೆ ಊರ ಹೊರಗಿನ ಕೇರಿಗಳಲ್ಲಿ ಚರ್ಮ ಹದವಾಗುತ್ತಲೇ ಬಂತು. 20ನೇ ಶತಮಾನದ ಆರಂಭದಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ ಮದರಾಸಿನಲ್ಲಿ ಕ್ರೋಮ್ ಉಪ್ಪಿನಿಂದ ಹದ ಮಾಡುವ ಹೊಸ ವಿಧಾನಕ್ಕೆ ನೆಲೆ ಕಲ್ಪಿಸಿದರು. ಆಮೇಲೆ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ತಿಂಗಳುಗಟ್ಟಲೆಯ ಕೆಲಸ ದಿನಗಳಿಗೆ ಇಳಿಯಿತು. ಬೆಂಗಳೂರಿನ ಟ್ಯಾನರಿ ರಸ್ತೆ ತನ್ನ ಹೆಸರಿನಲ್ಲೇ ಆ ಚರಿತ್ರೆಯನ್ನು ಇಟ್ಟುಕೊಂಡಿದೆ. ದಲಿತರೂ ಮುಸ್ಲಿಮರೂ ಅಕ್ಕಪಕ್ಕದಲ್ಲಿ ಬದುಕಿದ ಬಡಾವಣೆಗಳು ಅವು. ಆ ರಸ್ತೆಯ ಹೆಸರು ಹೇಳಿದರೆ ಬಾಡಿಗೆಗೆ ಮನೆ ಸಿಗದ ಅನುಭವವನ್ನು ಅಲ್ಲಿನವರಿಂದ ನಾವು ಕೇಳಿದ್ದೇವೆ. ಅವರ ಪೈಕಿ ಒಬ್ಬರು, ನಮ್ಮ ಕೈಯ ವಾಸನೆ ಅಂಗಡಿಗೆ ಹೋದರೆ ಸುವಾಸನೆಯಾಗುತ್ತದೆ ಎಂದು ನಕ್ಕಿದ್ದರು.

ಇಷ್ಟಾದ ಮೇಲೆ ಕೊಡಗಿನ ಹುಡುಗ ಯಾವ ಜಾಕೆಟ್ ಆರಿಸಬೇಕು? 2019ರ ಜಾನುವಾರು ಗಣತಿಯ ಪ್ರಕಾರ ಇಡೀ ಭಾರತದಲ್ಲಿ ಕುದುರೆ ಮತ್ತು ತಟ್ಟುಗಳು ಸುಮಾರು 3.4 ಲಕ್ಷ. ಎಮ್ಮೆಗಳು ಸುಮಾರು 11 ಕೋಟಿ, ಮೇಕೆಗಳು 14.9 ಕೋಟಿ. ಲೆಕ್ಕವೇ ಉತ್ತರ ಹೇಳುತ್ತದೆ. ಕುದುರೆ ಚರ್ಮ ಅಮೆರಿಕದಲ್ಲಿ ಶ್ರೇಷ್ಠವೆಂದು ಹುಟ್ಟಲಿಲ್ಲ, ಹತ್ತಿರ ಸಿಕ್ಕಿತೆಂದು ಅಂಗಿಯಾಯಿತು. ಹಾಗೆಯೇ ನಮಗೆ ಹತ್ತಿರ ಸಿಗುವುದು ಮೇಕೆಯದು. ಕ್ರೋಮ್ ಹದದ ಒಳ್ಳೆಯ ಮೇಕೆ ಚರ್ಮ ಹಗುರ, ಗಟ್ಟಿ, ಮಳೆಗೆ ತೊಗಟೆ ಹದದ ಚರ್ಮಕ್ಕಿಂತ ಕಡಿಮೆ ಹೆದರುತ್ತದೆ. ಏ-2 ಜಾಕೆಟ್ ಹೊಲಿದವರೂ ಅದನ್ನು ಬಳಸಿದ್ದರು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ, ಗಾಳಿಯಾಡುವ ಕಡೆ ನೇತುಹಾಕಿ ಆಗಾಗ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಆದರೂ ಕುದುರೆಯದೇ ಬೇಕೆನ್ನುವವರು ಬೆಲೆಯ ಜೊತೆ ಕೊಡಗಿನ ಬೂಷ್ಟಿನ ಲೆಕ್ಕವನ್ನೂ ಹಾಕಿಕೊಳ್ಳಲಿ.

ಜಾಕೆಟ್ ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು ಇದು ಯಾವ ಪ್ರಾಣಿಯದು ಎಂದು. ಎರಡನೆಯ ಪ್ರಶ್ನೆ ಇದನ್ನು ಹದ ಮಾಡಿದವರು ಯಾರು, ಎಲ್ಲಿಯವರು, ಅವರಿಗೆ ದಕ್ಕಿದ್ದೆಷ್ಟು ಎಂದಾಗಲಿ. ಉತ್ತರ ಅಂಗಡಿಯವನಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗಾಗಿ ಆತ ತಿಳಿದುಕೊಂಡಿರುತ್ತಾನೆ.