ಕುಮಟಾದಲ್ಲಿ ಬೆಳೆಯದ ‘ಕುಮಟಾ ಹತ್ತಿ’

ನಾನು ಬಾಡದವನು. ಕುಮಟಾ ಪೇಟೆ ನಮಗೆ ಸ್ಕೂಟರ್‌ನಲ್ಲಿ ಹೋಗಿ ಬರುವಷ್ಟು ಹತ್ತಿರ. ಬಿ.ಕಾಂ. ಓದುವಾಗ ಹಳೇ ಪುಸ್ತಕವೊಂದರಲ್ಲಿ ‘ಕುಮಟಾ ಹತ್ತಿ’ ಅಂತ ನೋಡಿ ನಕ್ಕಿದ್ದೆ. ಕುಮಟಾ ಈರುಳ್ಳಿ ಗೊತ್ತು, ಹತ್ತಿ ಎಲ್ಲಿಂದ ಬಂತು ಮಾರಾಯ್ರೇ?

ಹತ್ತಿ ಬೆಳೀತಿದ್ದದ್ದು ಧಾರವಾಡ ಸೀಮೆಯ ಕಪ್ಪು ನೆಲದಲ್ಲಿ. ಎತ್ತಿನ ಗಾಡಿಗಳು ಘಟ್ಟ ಇಳಿದು ಅದನ್ನು ಕುಮಟಾಕ್ಕೆ ತರ್ತಿದ್ದವು. ಇಲ್ಲಿಂದ ಸಮುದ್ರದ ಮೇಲೆ ಮುಂಬಯಿಗೆ, ಅಲ್ಲಿಂದ ಇಂಗ್ಲೆಂಡಿಗೆ. ಬೆಳೆದ ಊರಿನದಲ್ಲ, ಹಡಗು ಹತ್ತಿಸಿದ ಊರಿನ ಹೆಸರು ಮಾಲಿಗೆ ಅಂಟಿಕೊಳ್ತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳನ್ನು ಮುಚ್ಚಿಸಿತು. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿಯ ಬರ. ಸಪ್ಲೈ ನಿಂತ್ರೆ ರೇಟ್ ಏರುತ್ತೆ. ನಮ್ಮ ದೇಶದ ಹತ್ತಿಗೆ ಚಿನ್ನದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗೀತು, ಬೆಲೆ ಕುಸೀತು. 1880ರ ದಶಕದ ಕೊನೆಗೆ ರೈಲು ಹುಬ್ಬಳ್ಳಿ ಕಡೆಯ ಮಾಲನ್ನು ಗೋವಾದ ಮರ್ಮಗೋವಾ ಬಂದರಿಗೆ ಎಳೆದುಕೊಂಡು ಹೋಯ್ತು. ಕುಮಟಾ ಮತ್ತೆ ಸಣ್ಣ ಪೇಟೆಯಾಯ್ತು.

ಆ ಯುದ್ಧದ ಆಚೆ ಬದಿಯಲ್ಲೂ ಒಂದು ಸಣ್ಣ ಊರಿದೆ: ಮಿಸಿಸಿಪ್ಪಿ ನದಿ ದಂಡೆಯ ನ್ಯಾಚೆಜ್. ಅದೂ ಹತ್ತಿಯಿಂದಲೇ ಮೆರೆದದ್ದು, ಆಮೇಲೆ ವ್ಯಾಪಾರ ಕಳಕೊಂಡದ್ದು. ಆದ್ರೆ ಅಲ್ಲಿನ ಹೆಂಗಸರು 1932ರಲ್ಲಿ ತಮ್ಮ ಹಳೇ ಬಂಗಲೆಗಳ ಬಾಗಿಲು ತೆಗೆದು ಪ್ರವಾಸಿಗರನ್ನು ಕರೆದ್ರು. ಮನೆಗಳು ಉಳಿದವು. ಆದ್ರೆ ಬಹಳ ವರ್ಷ ಅಲ್ಲಿ ಹೇಳಿದ್ದು ಮಾಲೀಕರ ಕಥೆ ಮಾತ್ರ. ಆ ಹತ್ತಿ ಬಿಡಿಸಿದ ಗುಲಾಮರ ಕಥೆ ಅಲ್ಲ.

ನಮ್ಮಲ್ಲಿ? ಹೋದ ಬೇಸಿಗೆ ಪೇಟೆಯಲ್ಲಿ ಒಂದು ಹಳೇ ಮನೆ ಕೆಡವಿದ್ರು. ಕೆತ್ತನೆಯ ಮರದ ಕಂಬಗಳು ಲಾರಿ ಹತ್ತಿದವು. ತಪ್ಪಂತ ಹೇಳ್ತಿಲ್ಲ, ಮಳೆಗಾಲ ಬಂದ್ರೆ ಹಂಚು ಸೋರುವ ಮನೆಯಲ್ಲಿ ಇರುವವರ ಕಷ್ಟ ನನಗೂ ಗೊತ್ತು. ಆದ್ರೆ ಆ ಮನೆ ಕಟ್ಟಿಸಿದವರು ಯಾರು, ಯಾವ ವ್ಯಾಪಾರದವರು, ಕಂಬ ಕೆತ್ತಿದ ಆಚಾರಿ ಯಾರು ಅಂತ ಕೇಳಿದ್ರೆ ಅಲ್ಲಿ ನಿಂತಿದ್ದ ಯಾರಿಗೂ ಗೊತ್ತಿರಲಿಲ್ಲ. ಫೋನ್ ನನ್ನ ಕೈಯಲ್ಲೇ ಇತ್ತು. ಒಂದು ಫೋಟೋ ಕೂಡ ತೆಗೀಲಿಲ್ಲ.

ಅದಕ್ಕೇ ಈಗ ಭಾನುವಾರ ಒಂದೊಂದು ಜಗುಲಿಗೆ ಹೋಗಿ ಕೂರ್ತೇನೆ. ಮನೆಯವರ ಮಾತು ರೆಕಾರ್ಡ್ ಮಾಡ್ಕೊಳ್ತೇನೆ. ಗಾಡಿ ಹೊಡೆದವರ, ಮೂಟೆ ಹೊತ್ತವರ ಮೊಮ್ಮಕ್ಕಳು ಸಿಕ್ಕಿದ್ರೆ ಅವರದ್ದು ಮೊದಲು. ನಿಮ್ಮ ಅಜ್ಜಿ ಮನೆಯ ಕಂಬ ಇನ್ನೂ ನಿಂತಿದ್ರೆ ಅದು ಯಾರ ಕೈಕೆಲಸ ಅಂತ ಇವತ್ತೇ ಕೇಳಿ.