ದುಡಿಯುವವರ ಮನಸ್ಸನ್ನು ಓದಲು ಹೊರಟ ವಿದ್ಯೆ

1899ರಲ್ಲಿ ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ಅಂಗಳದಲ್ಲಿ ಕೂಲಿಗಳು 92 ಪೌಂಡ್ ತೂಕದ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲು ವ್ಯಾಗನ್‌ಗೆ ತುಂಬುತ್ತಿದ್ದರು. ಒಬ್ಬೊಬ್ಬ ಆಳು ದಿನಕ್ಕೆ ಹೊರುತ್ತಿದ್ದುದು ಸುಮಾರು ಹನ್ನೆರಡೂವರೆ ಟನ್. ಎಂಜಿನಿಯರ್ ಫ್ರೆಡರಿಕ್ ಟೇಲರ್ ಲೆಕ್ಕ ಹಾಕಿ, ಗಟ್ಟಿಮುಟ್ಟಾದ ಆಳು ನಲವತ್ತೇಳು ಟನ್‌ವರೆಗೂ ಹೊರಬಲ್ಲ ಎಂದ. ಯಾವಾಗ ಎತ್ತಬೇಕು, ಯಾವಾಗ ಕೂರಬೇಕು ಎಂಬುದನ್ನು ಮೇಲಿನವರು ಹೇಳುತ್ತಾರೆ, ಆಳು ಹಾಗೆಯೇ ಮಾಡಬೇಕು. ಪ್ರತಿಫಲವಾಗಿ ದಿನಗೂಲಿ 1.15 ಡಾಲರ್‌ನಿಂದ 1.85 ಡಾಲರ್‌ಗೆ ಏರುತ್ತದೆ. ಕೆಲಸ ಹೆಚ್ಚುಕಡಿಮೆ ನಾಲ್ಕು ಪಟ್ಟು, ಕೂಲಿ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಈ ಕತೆಯಲ್ಲಿ ಟೇಲರ್ ಸಾಕಷ್ಟು ಬಣ್ಣ ಸೇರಿಸಿದ್ದ ಎಂಬುದನ್ನು ಮುಂದೆ ಇತಿಹಾಸಕಾರರು ತೋರಿಸಿದರು. ಆದರೆ ಅಷ್ಟರಲ್ಲಿ ಅವನ 1911ರ ಪುಸ್ತಕ ಜಗತ್ತಿನ ಕಾರ್ಖಾನೆಗಳಿಗೆಲ್ಲ ಪಾಠವಾಗಿತ್ತು.

ಅದೇ ವರ್ಷದ ಆಗಸ್ಟ್‌ನಲ್ಲಿ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಟೇಲರ್ ಪದ್ಧತಿ ತರಲು ಹೊರಟಾಗ ಅಲ್ಲಿನ ಎರಕದವರು ಕೆಲಸ ನಿಲ್ಲಿಸಿ ಹೊರಬಂದರು. ಬೆನ್ನ ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು ಅವಮಾನ ಎಂಬುದೇ ಅವರ ದೂರು. ವಿಚಾರಣೆ ನಡೆಯಿತು. 1915ರಲ್ಲಿ ಅಮೆರಿಕದ ಸಂಸತ್ತು ಸೇನೆಯ ಶಸ್ತ್ರಾಗಾರಗಳಲ್ಲಿ ಇಂಥ ಸಮಯ ಅಳತೆಗೆ ಹಣ ಕೊಡುವುದನ್ನೇ ತಡೆಯಿತು. ಜನರಿಂದ ಕೆಲಸ ಮಾಡಿಸುವ ವಿದ್ಯೆಯ ಮೊದಲ ಪಾಠ ಪುಸ್ತಕದಲ್ಲಿತ್ತು ಎನ್ನುವುದಕ್ಕಿಂತ ಈ ಮುಷ್ಕರದಲ್ಲಿತ್ತು ಎಂದೇ ನಾನು ಓದುತ್ತೇನೆ.

ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳು ಈ ವಿದ್ಯೆಯಲ್ಲಿ ಬಹಳ ಪ್ರಸಿದ್ಧ. ದೀಪದ ಬೆಳಕು ಹೆಚ್ಚಿಸಿದರೂ ತಗ್ಗಿಸಿದರೂ ಉತ್ಪಾದನೆ ಏರಿತು, ಗಮನ ಸಿಕ್ಕಿದ್ದಕ್ಕೇ ಜನ ಹುರುಪಾದರು ಎಂಬ ಕತೆ ಅಲ್ಲಿಂದಲೇ ಹಬ್ಬಿತು. ಹಳೆಯ ಅಂಕಿಗಳನ್ನು ಮತ್ತೆ ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು ಆ ಕತೆಗೆ ಇರುವ ಆಧಾರ ತೀರಾ ತೆಳು ಎಂದಿದ್ದಾರೆ. ಅದಕ್ಕಿಂತ ಬೆಲೆಯುಳ್ಳದ್ದು ಅಲ್ಲಿನ ಇನ್ನೊಂದು ಕೋಣೆ. ಟೆಲಿಫೋನ್ ಉಪಕರಣಗಳಿಗೆ ತಂತಿ ಜೋಡಿಸುತ್ತಿದ್ದ ಹದಿನಾಲ್ಕು ಗಂಡಸರನ್ನು ಸಂಶೋಧಕರು ಅಲ್ಲಿ ಗಮನಿಸಿದರು. ಗುಂಪು ಹೆಚ್ಚು ಮಾಡಿದಷ್ಟೂ ಹಣ ಹೆಚ್ಚು. ಆದರೂ ಅವರು ತಮ್ಮತಮ್ಮಲ್ಲೇ ದಿನಕ್ಕಿಷ್ಟು ಎಂದು ಮಿತಿ ಹಾಕಿಕೊಂಡಿದ್ದರು. ಮಿತಿ ಮೀರಿದವನನ್ನು ಜೊತೆಗಾರರೇ ಹಂಗಿಸುತ್ತಿದ್ದರು, ತೀರಾ ಕಡಿಮೆ ಮಾಡಿದವನನ್ನೂ ಬಿಡುತ್ತಿರಲಿಲ್ಲ. ಹೆಚ್ಚು ಮಾಡಿ ತೋರಿಸಿದರೆ ನಾಳೆ ದರ ಇಳಿಸುತ್ತಾರೆ, ಇಲ್ಲವೇ ಯಾರದಾದರೂ ಕೆಲಸ ಹೋಗುತ್ತದೆ ಎಂಬ ಭಯ ಅವರದು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಅದನ್ನು ಸೋಮಾರಿತನ ಎನ್ನಲಾಗದು. ಮಾಲೀಕರ ಮಾತಿನಲ್ಲಿ ನಂಬಿಕೆ ಇಲ್ಲದ ಕಡೆ ಬೋನಸ್ಸೂ ಕೆಲಸ ಮಾಡದು.

ಎರಡನೇ ಮಹಾಯುದ್ಧದ ನಂತರದ ದಶಕಗಳು ಸಿದ್ಧಾಂತಗಳ ಸುಗ್ಗಿ. ಮನಶ್ಶಾಸ್ತ್ರಜ್ಞ ಮಾಸ್ಲೊ 1943ರಲ್ಲೇ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದ್ದರು. ಸಂಬಳ, ಮೇಲ್ವಿಚಾರಣೆ ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ, ಆದರೆ ಹುರುಪು ಬರುವುದು ಕೆಲಸದ ಒಳಗಿನಿಂದಲೇ ಎಂದು ಹರ್ಜ್‌ಬರ್ಗ್ 1959ರಲ್ಲಿ ಹೇಳಿದರು. ಜನ ಸೋಮಾರಿಗಳು ಎಂದು ಮೊದಲೇ ನಂಬಿದ ಅಧಿಕಾರಿ ಅಂಥವರನ್ನೇ ತಯಾರಿಸುತ್ತಾನೆ ಎಂಬ ಎಚ್ಚರ ಮೆಕ್‌ಗ್ರೆಗರ್ ಅವರದು (1960). ಇವು ಎಂ.ಬಿ.ಎ. ಪಠ್ಯಗಳಲ್ಲಿ ಬೇಕಾದಷ್ಟಿವೆ.

ಪಠ್ಯಗಳು ಒಂದೆರಡು ಸಾಲಿನಲ್ಲಿ ಮುಗಿಸುವ ಅಹಮದಾಬಾದ್‌ನ ಪ್ರಯೋಗಕ್ಕೆ ಹೆಚ್ಚು ಜಾಗ ಸಿಗಬೇಕಿತ್ತು. ಅಲ್ಲಿನ ಕ್ಯಾಲಿಕೊ ಮಿಲ್ ಸ್ವಯಂಚಾಲಿತ ಮಗ್ಗಗಳನ್ನು ತಂದಿತು, ಆದರೆ ನಿರೀಕ್ಷಿಸಿದಷ್ಟು ಬಟ್ಟೆ ಬರಲಿಲ್ಲ, ಹಾಳಾಗುವುದೂ ನಿಲ್ಲಲಿಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ 1953ರಲ್ಲಿ ಬಂದು ನೋಡಿದಾಗ ನೇಯುವವನು, ನೂಲಿನ ಕಂಡಿಕೆ ತುಂಬುವವನು, ಕಡಿದ ಎಳೆ ಸರಿಪಡಿಸುವವನು ಎಂದು ಕೆಲಸ ಹನ್ನೆರಡು ಬಗೆಯಾಗಿ ಚೂರಾಗಿತ್ತು. ಯಾರು ಯಾರ ಜೊತೆಗಾರ ಎಂಬುದೇ ಸ್ಪಷ್ಟವಿರಲಿಲ್ಲ. ಇಷ್ಟು ಮಗ್ಗಗಳಿಗೆ ಇಷ್ಟು ಜನರ ಒಂದು ತಂಡ, ಆ ಮಗ್ಗಗಳ ಪೂರ್ತಿ ಹೊಣೆ ಆ ತಂಡದ್ದೇ ಎಂಬ ಸಲಹೆ ಬಂತು. ಕೆಲಸಗಾರರು ಅದನ್ನು ತಮ್ಮದೇ ಎಂಬಂತೆ ಎತ್ತಿಕೊಂಡು, ತಂಡಗಳನ್ನು ತಾವೇ ಕಟ್ಟಿಕೊಂಡರು. ಆರಂಭದ ಏರಿಳಿತ ಕಳೆದ ಮೇಲೆ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಇಳಿಯಿತು. ಯಂತ್ರ ಅದೇ, ಜನ ಅವರೇ. ಸುಮಾರು ಹದಿನೇಳು ವರ್ಷಗಳ ನಂತರ ಅದೇ ಸಂಸ್ಥೆಯ ಎರಿಕ್ ಮಿಲ್ಲರ್ ಹೋಗಿ ನೋಡಿದಾಗ ಒಂದು ಮಗ್ಗದ ಮನೆಯಲ್ಲಿ ಪದ್ಧತಿ ಇನ್ನೂ ಗಟ್ಟಿಯಾಗಿತ್ತು, ಉಳಿದ ಕಡೆ ಸಡಿಲಗೊಂಡಿತ್ತು.

ಹಣದ ಮೇಲಿನ ನಂಬಿಕೆಗೆ ಇನ್ನೊಂದು ದಿಕ್ಕಿನಿಂದ ಪೆಟ್ಟು ಬಿದ್ದದ್ದು 1971ರಲ್ಲಿ. ಒಗಟಿನ ಆಟಕ್ಕೆ ದುಡ್ಡು ಪಡೆದ ಕಾಲೇಜು ವಿದ್ಯಾರ್ಥಿಗಳು, ದುಡ್ಡು ನಿಂತ ಮೇಲೆ ಬಿಡುವಿನಲ್ಲಿ ಅದನ್ನು ಮುಟ್ಟುವುದನ್ನೇ ಕಡಿಮೆ ಮಾಡಿದರು ಎಂದು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ ತೋರಿಸಿದರು. ಬಹುಮಾನ ಒಳಗಿನ ಆಸಕ್ತಿಯನ್ನು ಕೊಲ್ಲುತ್ತದೆಯೇ ಎಂಬ ಜಗಳ ದಶಕಗಟ್ಟಲೆ ನಡೆಯಿತು. ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2014ರ ವಿಶ್ಲೇಷಣೆಯೊಂದು ಸ್ವಲ್ಪ ತಿಳಿಯಾಗಿಸಿತು: ಕೆಲಸದ ಪ್ರಮಾಣದ ಜೊತೆ ಪ್ರೋತ್ಸಾಹಧನದ ನಂಟು ಹೆಚ್ಚು, ಗುಣಮಟ್ಟದ ಜೊತೆ ಒಳಗಿನ ಆಸಕ್ತಿಯ ನಂಟು ಹೆಚ್ಚು. ಅಚ್ಚುಕಟ್ಟಾದ ಕೆಲಸ ಬೇಕೆನ್ನುವ ಪ್ರತಿ ಕಚೇರಿಯೂ ಇದನ್ನು ಗಂಭೀರವಾಗಿ ಓದಬೇಕು.

ಈ ಶತಮಾನದಲ್ಲಿ ಪ್ರಯೋಗಗಳು ನಮ್ಮ ಊರುಗಳಿಗೂ ಬಂದವು. ಮೈಸೂರಿನ ಡೇಟಾ ಎಂಟ್ರಿ ಕೆಲಸಗಾರರ ಮುಂದೆ ಅರ್ಥಶಾಸ್ತ್ರಜ್ಞರಾದ ಸುಪ್ರೀತ್ ಕೌರ್, ಮೈಕೆಲ್ ಕ್ರೀಮರ್, ಸೆಂಧಿಲ್ ಮುಲ್ಲೈನಾಥನ್ ವಿಚಿತ್ರವಾದ ಆಯ್ಕೆ ಇಟ್ಟರು. ನಿಮ್ಮ ಟಾರ್ಗೆಟ್ ನೀವೇ ಹಾಕಿಕೊಳ್ಳಿ. ಮುಟ್ಟಿದರೆ ಎಂದಿನ ದರ, ತಪ್ಪಿದರೆ ದರ ಕಡಿತ. ಲಾಭ ಒಂದು ಪೈಸೆಯೂ ಇಲ್ಲ. ಆದರೂ ಅವಕಾಶ ಸಿಕ್ಕ ನೂರರಲ್ಲಿ 36 ಸಲ ಅವರು ಅದನ್ನೇ ಆರಿಸಿಕೊಂಡರು ಎಂದು 2015ರ ವರದಿ ಹೇಳುತ್ತದೆ. ಚೆನ್ನಾಗಿ ದುಡಿಯಬೇಕೆಂಬ ಆಸೆ ಅವರಲ್ಲಿ ಮೊದಲೇ ಇತ್ತು, ಆ ಆಸೆಗೆ ಆಸರೆ ಬೇಕಿತ್ತು. ಟೇಲರ್‌ನ ಗುರಿಗೂ ಈ ಗುರಿಗೂ ಇರುವ ವ್ಯತ್ಯಾಸ, ಅದನ್ನು ಹಾಕಿಕೊಂಡವರು ಯಾರು ಎಂಬುದರಲ್ಲಿದೆ.

ಕರ್ನಾಟಕದ 140 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸರ್ಕಾರ ಬೆರಳಚ್ಚಿನ ಹಾಜರಿ ಯಂತ್ರ ಇಟ್ಟಾಗ ಬಂದ ಫಲಿತಾಂಶ ಅಷ್ಟು ಸರಳವಲ್ಲ. ಇಕ್ಬಾಲ್ ಧಾಲಿವಾಲ್ ಮತ್ತು ರೆಮಾ ಹನ್ನಾ ಅವರ ಅಧ್ಯಯನದ ಪ್ರಕಾರ ದಾದಿಯರು, ಪ್ರಯೋಗಾಲಯದ ಸಿಬ್ಬಂದಿಯಂಥವರ ಹಾಜರಿ ಸುಧಾರಿಸಿತು, ವೈದ್ಯರದು ಸುಧಾರಿಸಲಿಲ್ಲ. ಕಡಿಮೆ ತೂಕದ ಶಿಶುಗಳ ಜನನ ಇಳಿಯಿತು, ಇದು ಸಣ್ಣ ಸಾಧನೆಯಲ್ಲ. ಆದರೆ ಸಿಬ್ಬಂದಿಗೆ ಕೆಲಸದ ಮೇಲಿನ ಸಮಾಧಾನ ತಗ್ಗಿತು. ಹಳ್ಳಿಗೆ ವೈದ್ಯರು ಸಿಗುವುದೇ ಕಷ್ಟ ಎಂಬ ಅಂಜಿಕೆಯಿಂದ ಗೈರಾದವರ ಮೇಲೆ ಕ್ರಮ ಜರುಗಿಸಲು ಇಲಾಖೆಯೇ ಹಿಂಜರಿಯಿತು. ಯಂತ್ರದ ಬಿಗಿ ಕೆಳಗಿನ ಹುದ್ದೆಯವರಿಗೆ ಮಾತ್ರ ತಗುಲಿತು, ಇದು ನ್ಯಾಯವಲ್ಲ.

ಅನ್ಯಾಯದ ಭಾವನೆ ಕೆಲಸವನ್ನು ಎಷ್ಟು ತಿನ್ನುತ್ತದೆ ಎಂಬುದನ್ನು 2018ರಲ್ಲಿ ಪ್ರಕಟವಾದ ಒಡಿಶಾದ ಪ್ರಯೋಗವೊಂದು ಅಳೆಯಿತು. ಕಾರಣ ಕಾಣದಂತೆ ಜೊತೆಯವರಿಗೆ ಹೆಚ್ಚು ಕೂಲಿ ಕೊಟ್ಟಾಗ ಕಡಿಮೆ ಪಡೆದವರು ಸಂಬಳ ಹೋದರೂ ಸರಿ ಎಂದು ಗೈರಾದರು. ಅವರ ಉತ್ಪಾದನೆಯೂ ಕುಸಿಯಿತು. ಇನ್ನೊಂದು ಪ್ರಯೋಗದಲ್ಲಿ, ಭಾರತದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ, ಕೂಲಿ ಏರಿಕೆ ನಿರಾಸೆ ತಂದ ಹೊತ್ತಿನಲ್ಲಿ, ಕೆಲವರಿಗೆ ಕೆಲಸದ ಸ್ಥಿತಿ, ಮೇಲ್ವಿಚಾರಕರ ನಡವಳಿಕೆ ಕುರಿತು ಅನಿಸಿದ್ದನ್ನು ಹೇಳಲು ಅವಕಾಶ ಕೊಡಲಾಯಿತು. ಕೆಲಸ ಬಿಡುವುದೂ ಗೈರಾಗುವುದೂ ಅವರಲ್ಲಿ ಕಡಿಮೆಯಾಯಿತು. ಅತಿ ಹೆಚ್ಚು ನಿರಾಶರಾದವರಲ್ಲಿ ಪರಿಣಾಮ ಇನ್ನೂ ಹೆಚ್ಚು. ಕೇಳಿಸಿಕೊಳ್ಳುವುದಕ್ಕೆ ಇಷ್ಟು ಬಲವಿದೆ ಎಂಬುದು ಸಂತೋಷವೇ. ಆದರೆ ಈ ಪ್ರಯೋಗ ಅವರ ಕೂಲಿಯನ್ನೇನೂ ಏರಿಸಲಿಲ್ಲ. ಹೇಳಿದ ಮಾತಿಗೆ ಉತ್ತರ ಬಾರದೆ ಎರಡನೇ ಸಲ, ಮೂರನೇ ಸಲ ಕೇಳಿದಾಗ ಏನಾಗುತ್ತದೆ ಎಂಬುದನ್ನು ಮುಂದಿನ ಅಧ್ಯಯನಗಳು ಕೈಗೆತ್ತಿಕೊಳ್ಳಬೇಕು.