ಸರ್ಪಗಂಧಿಯ ಬೇರು

ಓಷಧಿಗಳಲ್ಲಿ ಕೆಲವು ಎಲೆಯಿಂದಲೂ, ಕೆಲವು ಫಲದಿಂದಲೂ ಲೋಕಕ್ಕೆ ಉಪಕಾರ ಮಾಡುವುವು. ಸರ್ಪಗಂಧಿಯ ಔಷಧಗುಣವಾದರೋ ಮುಖ್ಯವಾಗಿ ಅದರ ಬೇರಿನಲ್ಲಿ, ಅದರಲ್ಲಿಯೂ ಬೇರಿನ ತೊಗಟೆಯಲ್ಲಿ, ಅಡಗಿರುವುದು. ಆದುದರಿಂದ ಈ ಮದ್ದನ್ನು ಪಡೆಯಬೇಕಾದರೆ ಗಿಡವನ್ನೇ ಕೀಳಬೇಕಾಗುವುದು. ಇದರ ಚರಿತ್ರೆಯನ್ನು ಓದುವ ಭಕ್ತಮಹಾಶಯರು ಈ ಸಂಗತಿಯನ್ನು ಮೊದಲು ಮನಸ್ಸಿನಲ್ಲಿಡತಕ್ಕದ್ದು.

ಸೂತ್ರನಾಭಿಯೆಂದೂ ಕರೆಯಲ್ಪಡುವ ಈ ಚಿಕ್ಕ ಗಿಡವು ಸಹ್ಯಾದ್ರಿಯ ಕಾಡುಗಳಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ಬೆಳೆಯುವುದು. ಇದರ ಎಲೆಗಳು ಸಾಮಾನ್ಯವಾಗಿ ಗಂಟಿಗೆ ಮೂರರಂತೆ ಇರುವುವು. ಹಣ್ಣು ಮಾಗಿದಾಗ ಕಪ್ಪಾಗುವುದು. ಬೇರು ಬಲು ಕಹಿ. ಪೂರ್ವಕಾಲದ ವೈದ್ಯರು ಇದನ್ನು ವಿಷಚಿಕಿತ್ಸೆಯಲ್ಲಿಯೂ, ನಿದ್ರಾನಾಶದಲ್ಲಿಯೂ, ಉನ್ಮಾದದಲ್ಲಿಯೂ ಪ್ರಯೋಗಿಸುತ್ತಿದ್ದರು. ಬಿಹಾರ ಪ್ರಾಂತದ ಜನರು ಇದನ್ನು ಹುಚ್ಚಿನ ಮದ್ದೆಂದೇ ಕರೆಯುತ್ತಿದ್ದರು.

೧೯೩೧ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವಿದ್ವಾಂಸರು, ಈ ಬೇರು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ತಗ್ಗಿಸುವುದೆಂದು ಬರೆದು ಪ್ರಕಟಿಸಿದರು. ಅದೇ ವರ್ಷ ಸಲೀಮುಜ್ಜಮಾನ್ ಸಿದ್ದೀಕಿಯವರು ಬೇರಿನಿಂದ ಒಂದು ಸತ್ತ್ವವನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ಸ್ಮರಣಾರ್ಥವಾಗಿ ಅದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ೧೯೪೯ರಲ್ಲಿ ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳಲ್ಲಿ ಕಂಡ ಫಲವನ್ನು ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟಿಸಲು, ಪಾಶ್ಚಾತ್ಯರ ಗಮನವು ಇತ್ತ ತಿರುಗಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ರೆಸರ್ಪೀನ್ ಎಂಬ ಮುಖ್ಯ ಸತ್ತ್ವವು ಬೇರ್ಪಡಿಸಲ್ಪಟ್ಟಿತು. ಹೀಗೆ ಹಳ್ಳಿಯ ವೈದ್ಯರ ಅನುಭವವು ವಿಜ್ಞಾನದ ಪರೀಕ್ಷೆಯಲ್ಲಿ ನಿಂತಿತು.

ಪರೀಕ್ಷೆಯಲ್ಲಿ ಎಲ್ಲವೂ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. ಹಾವು ಕಚ್ಚಿದವನಿಗೆ ಈ ಬೇರನ್ನು ನಂಬಿ ಕಾಲಹರಣ ಮಾಡುವುದು ಪ್ರಾಣಾಪಾಯಕರ. ಅವನನ್ನು ತಡಮಾಡದೆ ವಿಷನಿವಾರಕ ಸೂಜಿಮದ್ದು ದೊರೆಯುವ ಆಸ್ಪತ್ರೆಗೆ ಒಯ್ಯತಕ್ಕದ್ದು. ಪ್ರಮಾಣ ಮೀರಿದರೆ ರಕ್ತದೊತ್ತಡವು ಬಹಳ ಕುಸಿಯುವುದು. ಕೆಲವರಲ್ಲಿ ಮನಸ್ಸು ತೀವ್ರವಾದ ವಿಷಾದಕ್ಕೆ ಬೀಳುವುದೂ ಉಂಟು. ವೈದ್ಯನ ಅಪ್ಪಣೆಯಿಲ್ಲದೆ ಇದನ್ನು ಯಾರೂ ಸೇವಿಸಬಾರದು.

ಬೇರಿನ ಕೀರ್ತಿ ಹಬ್ಬಿದಂತೆಲ್ಲ ಗಿಡಕ್ಕೆ ಆಪತ್ತು ಒದಗಿತು. ವ್ಯಾಪಾರಕ್ಕಾಗಿ ಅಗೆಯುವವರ ಕೈಯಲ್ಲಿ ಕಾಡಿನ ಸರ್ಪಗಂಧಿಯು ವಿರಳವಾಗಲು, ೧೯೯೦ರಲ್ಲಿ ಇದನ್ನು ಅಂತರರಾಷ್ಟ್ರೀಯ ವ್ಯಾಪಾರನಿಯಂತ್ರಣದ ಒಪ್ಪಂದದಲ್ಲಿ ಸೇರಿಸಲಾಯಿತು. ಇದರ ಬೀಜಗಳಲ್ಲಿ ಮೊಳೆಯುವುವು ಕಡಿಮೆ; ಬೇರು ಬಲಿಯಲು ಒಂದೂವರೆ ವರ್ಷಕ್ಕೆ ಕಡಿಮೆಯಿಲ್ಲದ ಕಾಲ ಬೇಕು. ಹೀಗಿರುವಾಗ ಕೀಳುವ ವೇಗಕ್ಕೆ ಕಾಡು ಎಂತು ಸರಿಗಟ್ಟೀತು?

ಆದರೂ ನಿರಾಶೆಗೆ ಕಾರಣವಿಲ್ಲ. ಈ ಗಿಡವು ಬೇರಿನ ತುಂಡಿನಿಂದಲೂ ಚಿಗುರುವ ಸ್ವಭಾವವುಳ್ಳದ್ದು. ಹಿತ್ತಿಲಿನಲ್ಲಾಗಲಿ ತೋಟದ ನೆರಳಿನಲ್ಲಾಗಲಿ ಇದನ್ನು ಬೆಳೆಸಿ, ಅಗೆದ ಬೇರಿನಲ್ಲಿ ಒಂದು ತುಂಡನ್ನು ಮರಳಿ ಮಣ್ಣಿಗೆ ಒಪ್ಪಿಸುವುದು ಔಷಧವನ್ನು ಪಡೆದವನ ಧರ್ಮವು. ಹಿಂದಿನವರು ನಮಗೆ ಗಿಡವನ್ನೂ ಅದರ ತಿಳಿವನ್ನೂ ಉಳಿಸಿಕೊಟ್ಟರು. ಮುಂದಿನವರಿಗೆ ಬರಿಯ ಹೆಸರು ಮಾತ್ರ ಉಳಿಯದಿರಲಿ.